ಮೊದಲಿದ್ದ ಉರಿ ಈಗಿಲ್ಲ, ಏನು ಮಾಡಲಿ?

ಯುವಜನರ ಕ್ಯಾಂಪ್ ಮುಗಿದು ಮೂರ್ನಾಲ್ಕು ತಿಂಗಳಾಗುವಷ್ಟರಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ಕೆಲವರು ಆರಾಧನೆ ಮುಗಿದ ಮೇಲೆ ಎಲ್ಲರೂ ಹೋಗುವವರೆಗೆ ಕಾದು ನಿಂತು ಕೇಳುತ್ತಾರೆ. ಕೆಲವರು ರಾತ್ರಿ ಹನ್ನೊಂದು ಗಂಟೆಗೆ ವಾಟ್ಸ್ಆ್ಯಪ್ ಮಾಡುತ್ತಾರೆ. "ಅಕ್ಕಾ, ಮೊದಲು ಪ್ರಾರ್ಥನೆಗೆ ಕೂತರೆ ಕಣ್ಣೀರು ತಾನಾಗಿ ಬರುತ್ತಿತ್ತು. ಈಗ ಐದು ನಿಮಿಷ ಕೂರೋದೂ ಕಷ್ಟ. ನಾನು ದೇವರಿಂದ ದೂರ ಹೋಗಿಬಿಟ್ಟೆನಾ?" ಹದಿನೆಂಟು ವರ್ಷದ ಹುಡುಗಿಯೂ ಇದನ್ನು ಕೇಳಿದ್ದಾಳೆ, ಮೂವತ್ತು ವರ್ಷ ಸಂಡೇ ಸ್ಕೂಲ್ ನಡೆಸಿದ ಹಿರಿಯರೂ ಕೇಳಿದ್ದಾರೆ. ಹಿರಿಯರು ಕೇಳುವಾಗ ದನಿ ಇನ್ನೂ ತಗ್ಗಿರುತ್ತದೆ. ಇಷ್ಟು ವರ್ಷವಾದ ಮೇಲೆ ಇದನ್ನು ಕೇಳಬಾರದೇನೋ ಎಂಬ ನಾಚಿಕೆ ಅವರಿಗೆ.

ಎಲ್ಲರಿಗೂ ನಾನು ಮೊದಲು ನನ್ನ ಅಜ್ಜಿಯ ಒಲೆಯ ಕಥೆ ಹೇಳುತ್ತೇನೆ.

ಕರಾವಳಿಯ ನಮ್ಮ ಅಜ್ಜಿಮನೆಯಲ್ಲಿ ಗ್ಯಾಸ್ ಬರುವ ಮುಂಚೆ ಬೆಂಕಿಪೆಟ್ಟಿಗೆಯನ್ನು ದಿನಾ ಗೀರುತ್ತಿರಲಿಲ್ಲ. ರಾತ್ರಿ ಊಟ, ಕುಟುಂಬ ಪ್ರಾರ್ಥನೆ ಎಲ್ಲ ಆದ ಮೇಲೆ ಅಜ್ಜಿ ಒಲೆಯಲ್ಲಿ ಉಳಿದ ಕೆಂಡವನ್ನೆಲ್ಲ ಒಂದು ಕಡೆ ಗುಡ್ಡೆ ಮಾಡಿ ಬೂದಿ ಮುಚ್ಚುತ್ತಿದ್ದಳು. ಬೆಳಿಗ್ಗೆ ಕತ್ತಲಿರುವಾಗಲೇ ಎದ್ದು, ಮೇಲಿನ ಬೂದಿ ಸರಿಸಿ, ಒಣಗಿದ ಗರಟೆ, ತೆಂಗಿನ ನಾರು ಇಟ್ಟು ಊದುಗೊಳವೆಯಲ್ಲಿ ಊದುತ್ತಿದ್ದಳು. ಮೊದಲು ಬರುತ್ತಿದ್ದದ್ದು ಬರೀ ಹೊಗೆ. ಅಜ್ಜಿ ಕಣ್ಣೊರೆಸಿಕೊಂಡು ಮತ್ತೆ ಊದುತ್ತಿದ್ದಳು. ಸ್ವಲ್ಪ ಹೊತ್ತಿಗೆ ಒಂದು ಮೂಲೆ ಕೆಂಪಾಗುತ್ತಿತ್ತು. ಆ ಮನೆಯಲ್ಲಿ ಬೆಳೆದ ನನಗೆ ಬೂದಿ ಕಂಡರೆ ಬೆಂಕಿ ಸತ್ತಿದೆ ಎಂದು ಅನಿಸುವುದೇ ಇಲ್ಲ. ರಾತ್ರಿಯಿಡೀ ಆ ಕೆಂಡವನ್ನು ಉಳಿಸಿದ್ದೇ ಬೂದಿ.

ಸತ್ಯವೇದದ ಯಾಜಕಕಾಂಡದ ಆರನೆಯ ಅಧ್ಯಾಯವನ್ನು ನಾವು ಸಾಮಾನ್ಯವಾಗಿ ಬೇಗ ದಾಟಿಬಿಡುತ್ತೇವೆ. ಯಜ್ಞವೇದಿಯ ಬೆಂಕಿ ಯಾವಾಗಲೂ ಉರಿಯುತ್ತಿರಬೇಕು, ಆರಿಹೋಗಬಾರದು ಎಂಬ ಮಾತು ಅಲ್ಲೇ ಇರುವುದು. ಉಜ್ಜೀವನ ಕೂಟಗಳಲ್ಲಿ ಆ ವಚನ ಹೇಳಿ ಎಲ್ಲರನ್ನೂ ಎದ್ದು ನಿಲ್ಲಿಸುತ್ತಾರೆ. ಅದಕ್ಕೆ ಸ್ವಲ್ಪ ಮುಂಚೆ ಇರುವ ಮಾತನ್ನು ಮಾತ್ರ ಯಾರೂ ಗಟ್ಟಿಯಾಗಿ ಓದುವುದಿಲ್ಲ. ಯಾಜಕನು ನಾರಿನ ಬಟ್ಟೆ ಹಾಕಿಕೊಂಡು ವೇದಿಯ ಮೇಲಿನ ಬೂದಿಯನ್ನು ತೆಗೆದು ಪಕ್ಕಕ್ಕಿಡಬೇಕು. ಆಮೇಲೆ ಬೇರೆ ಬಟ್ಟೆ ಹಾಕಿಕೊಂಡು ಅದನ್ನು ಪಾಳೆಯದ ಹೊರಗೆ ಒಂದು ಶುದ್ಧವಾದ ಜಾಗಕ್ಕೆ ಹೊತ್ತುಕೊಂಡು ಹೋಗಬೇಕು. ಪ್ರತಿದಿನ ಬೆಳಿಗ್ಗೆ ಕಟ್ಟಿಗೆ ಇಡಬೇಕು. ಬೆಂಕಿ ಎಲ್ಲಿಂದ ಬಂತು ಎಂದು ನೋಡಬೇಕಾದರೆ ಒಂಬತ್ತನೆಯ ಅಧ್ಯಾಯದ ಕೊನೆಗೆ ಹೋಗಬೇಕು: ಅದು ಕರ್ತನ ಸನ್ನಿಧಿಯಿಂದ ಹೊರಟು ಬಂತು. ಆ ಬೆಂಕಿಯನ್ನು ಹುಟ್ಟಿಸು ಎಂದು ದೇವರು ಇಲ್ಲಿ ಯಾಜಕನಾದ ಆರೋನನಿಗೆ ಹೇಳಲಿಲ್ಲ. ಹೇಳಿದ್ದು ಬೂದಿ ತೆಗೆಯುವುದಕ್ಕೆ, ಕಟ್ಟಿಗೆ ಇಡುವುದಕ್ಕೆ.

ಆ ಬೂದಿ ಕೊಳಕಲ್ಲ ಎಂಬುದು ನನಗೆ ಬಹಳ ತಡವಾಗಿ ಹೊಳೆಯಿತು. ಅದು ನಿನ್ನೆ ನಿಜವಾಗಿ ಉರಿದ ಯಜ್ಞದ ಬೂದಿ. ಅದಕ್ಕೇ ಅದನ್ನು ಶುದ್ಧ ಸ್ಥಳಕ್ಕೆ ಮರ್ಯಾದೆಯಿಂದ ಕೊಂಡೊಯ್ಯುವುದು. ಹೋದ ವರ್ಷದ ಕ್ಯಾಂಪಿನಲ್ಲಿ ನೀವು ಅತ್ತದ್ದು, ಮೊಣಕಾಲೂರಿ ಜೀವನ ಒಪ್ಪಿಸಿದ್ದು, ರಾತ್ರಿಯಿಡೀ ಹಾಡಿದ್ದು ಎಲ್ಲ ನಿಜ. ಆದರೆ ಅದು ನಿನ್ನೆಯದು. ಆ ದಿನದ ಅನುಭವವನ್ನು ಅಳತೆಗೋಲು ಮಾಡಿಕೊಂಡು ಇವತ್ತಿನ ಪ್ರಾರ್ಥನೆಯನ್ನು ಅಳೆಯುತ್ತಾ ಕೂತರೆ, ನಿನ್ನೆಯ ಬೂದಿಯೇ ಇವತ್ತಿನ ಕೆಂಡವನ್ನು ಉಸಿರುಗಟ್ಟಿಸುತ್ತದೆ. ನನಗೆ ಪ್ರಶ್ನೆ ಕೇಳುವವರಲ್ಲಿ ಹೆಚ್ಚಿನವರು ದೇವರನ್ನು ಬಿಟ್ಟವರಲ್ಲ, ಬೂದಿಯನ್ನು ಬಿಡಲಾಗದವರು.

"ಹಾಗಾದರೆ ಎಫೆಸದ ಸಭೆಗೆ ಕರ್ತನು ಗದರಿಸಲಿಲ್ಲವೇ?" ಎಂದು ಕೇಳುತ್ತಾರೆ. ಗದರಿಸಿದನು. ಪ್ರಕಟನೆಯ ಎರಡನೆಯ ಅಧ್ಯಾಯ. ಆ ಸಭೆಗೆ ಪ್ರಯಾಸವಿತ್ತು, ತಾಳ್ಮೆಯಿತ್ತು, ಸುಳ್ಳು ಅಪೊಸ್ತಲರನ್ನು ಗುರುತಿಸುವ ಶಕ್ತಿಯೂ ಇತ್ತು. ಮೊದಲಿದ್ದ ಪ್ರೀತಿಯೊಂದು ಇರಲಿಲ್ಲ. ಹಲ್ಲು ಕಚ್ಚಿ ಮುಂದುವರಿದರೆ ಸಾಕು ಎನ್ನುವವರಿಗೆ ಈ ಮಾತು ನಾಟಬೇಕು, ನನಗೂ ನಾಟಿದೆ. ಆದರೆ ಕರ್ತನು ಹೇಳಿದ ಮದ್ದನ್ನು ನೋಡಿ. ಎಲ್ಲಿಂದ ಬಿದ್ದಿದ್ದೀ ನೆನಪಿಸಿಕೋ, ತಿರುಗಿಕೋ, ಮೊದಲು ಮಾಡುತ್ತಿದ್ದ ಕೃತ್ಯಗಳನ್ನು ಮಾಡು. ಮೊದಲಿನ ಹಾಗೆ ಅಳು ಎಂದು ಹೇಳಲಿಲ್ಲ. ಪ್ರೀತಿ ಮರಳಿ ಬರುವ ದಾರಿಯನ್ನು ಕೈಕಾಲುಗಳಿಗೆ ತೋರಿಸಿಕೊಟ್ಟನು. ಸಂಸಾರ ಮಾಡಿದವರಿಗೆ ಇದು ಅರ್ಥವಾಗುತ್ತದೆ.

ಪ್ರವಾದಿ ಎಲೀಯನ ವಿಷಯ ಹೇಳದೆ ಮುಂದೆ ಹೋಗಲಾರೆ. ಕರ್ಮೆಲ್ ಬೆಟ್ಟದ ಮೇಲೆ ಆಕಾಶದಿಂದ ಬೆಂಕಿ ಬಿದ್ದು ಕಟ್ಟಿಗೆ, ಕಲ್ಲು, ಕಾಲುವೆಯ ನೀರು ಎಲ್ಲವನ್ನೂ ನೆಕ್ಕಿಬಿಟ್ಟಿತು. ಅದಾದ ಸ್ವಲ್ಪವೇ ದಿನಕ್ಕೆ ಆ ಮನುಷ್ಯ ಅಡವಿಯಲ್ಲಿ ಒಂದು ಗಿಡದ ಕೆಳಗೆ ಕೂತು, ಸಾಕು ಕರ್ತನೇ, ನನ್ನ ಪ್ರಾಣ ತೆಗೆದುಬಿಡು ಎನ್ನುತ್ತಾನೆ. ದೇವರು ಆಗ ಪ್ರಸಂಗ ಮಾಡಲಿಲ್ಲ. ಮಲಗಲು ಬಿಟ್ಟನು. ದೂತನು ತಟ್ಟಿ ಎಬ್ಬಿಸಿ, ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು ಕೊಟ್ಟನು. ತಿಂದು ಮತ್ತೆ ಮಲಗಿದ. ಮತ್ತೆ ಎಬ್ಬಿಸಿ ಮತ್ತೆ ಉಣಿಸಿದನು, ದಾರಿ ನಿನಗೆ ಬಹು ದೂರ ಎಂದನು. ಆ ಶಕ್ತಿಯಿಂದ ನಲವತ್ತು ದಿನ ನಡೆದು ಹೋರೇಬ್ ಬೆಟ್ಟಕ್ಕೆ ಹೋದ ಮೇಲೆ ಗಾಳಿ ಬಂತು, ಭೂಕಂಪ ಬಂತು, ಬೆಂಕಿಯೂ ಬಂತು. ಕರ್ಮೆಲಿನಲ್ಲಿ ಬೆಂಕಿಯಿಂದ ಉತ್ತರ ಕೊಟ್ಟ ಅದೇ ದೇವರು ಈ ಸಲ ಬೆಂಕಿಯಲ್ಲಿ ಇರಲಿಲ್ಲ. ಬೆಂಕಿ ಬಿದ್ದಾಗ ಮಾತ್ರ ದೇವರು ಬಂದ ಎಂದುಕೊಂಡಿದ್ದರೆ ಎಲೀಯ ಬೆಂಕಿಯ ನಂತರ ಬಂದ ಆ ಮೆಲ್ಲನೆಯ ದನಿಯನ್ನು ಕೇಳಿಸಿಕೊಳ್ಳುತ್ತಲೇ ಇರಲಿಲ್ಲ.

ಆದ್ದರಿಂದ ಬೆಂಗಳೂರಿನಲ್ಲಿ ರಾತ್ರಿ ಪಾಳಿ ಮಾಡಿ ಬಂದು "ನನ್ನ ಆತ್ಮಿಕ ಜೀವನ ಒಣಗಿದೆ" ಎನ್ನುವ ಮಕ್ಕಳಿಗೆ ನಾನು ಮೊದಲು ಎಷ್ಟು ಗಂಟೆ ನಿದ್ದೆ ಮಾಡುತ್ತೀಯಾ ಎಂದು ಕೇಳುತ್ತೇನೆ. ಉಪವಾಸ ಪ್ರಾರ್ಥನೆ ಮುಂದಿನ ವಾರ ಇಟ್ಟುಕೊಳ್ಳೋಣ, ಈ ವಾರ ಮಲಗು. ಎದೆಯ ಭಾರ ತಿಂಗಳುಗಟ್ಟಲೆ ಇಳಿಯದಿದ್ದರೆ ವೈದ್ಯರ ಹತ್ತಿರ ಹೋಗು, ಅದು ನಂಬಿಕೆಯ ಕೊರತೆಯಲ್ಲ. ಇನ್ನು ಕೆಲವರು ಬಚ್ಚಿಟ್ಟ ಪಾಪವೊಂದನ್ನು ದಿನಾ ಒಲೆಗೆ ನೀರಿನಂತೆ ಸುರಿಯುತ್ತಾ, ಉರಿ ಏಕಿಲ್ಲ ಎಂದು ಕೇಳುತ್ತಾರೆ. ಅದು ಏನೆಂದು ಅವರಿಗೇ ಗೊತ್ತಿರುತ್ತದೆ. ಅವರಿಗೆ ಬೇಕಿರುವುದು ಕ್ಷಮಾಪಣೆ, ಹೊಸ ಉತ್ಸಾಹವಲ್ಲ.

"ಮನಸ್ಸಿಲ್ಲದೆ ಪ್ರಾರ್ಥಿಸಿದರೆ ಕಪಟವಲ್ಲವೇ?" ಪ್ರಾಮಾಣಿಕರೇ ಇದನ್ನು ಕೇಳುವುದು. ಇಲ್ಲದ್ದನ್ನು ಜನರಿಗೆ ತೋರಿಸುವುದು ಕಪಟ. ಇಲ್ಲದ್ದನ್ನು ಇಲ್ಲ ಎಂದು ದೇವರ ಮುಂದೆ ಹೇಳುವುದು ಪ್ರಾರ್ಥನೆಯೇ. ಎಂಬತ್ತೆಂಟನೆಯ ಕೀರ್ತನೆ ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ. ಕೊನೆಗೊಂದು ಹಲ್ಲೆಲೂಯ ಸೇರಿಸಿ ಅದನ್ನು ಯಾರೂ ಸರಿಮಾಡಲಿಲ್ಲ. ಆದರೂ ಅದನ್ನು ಬರೆದವನು ಹಗಲಿರುಳು ಮೊರೆಯಿಡುತ್ತಿದ್ದನು, ಬೆಳಿಗ್ಗೆ ಬೆಳಿಗ್ಗೆ ದೇವರ ಸನ್ನಿಧಿಗೆ ಬರುತ್ತಿದ್ದನು.

ಇದೆಲ್ಲ ನೆನೆಯುವಾಗ ನನಗೆ ವಿಲಿಯಂ ಕೇರಿ ನೆನಪಾಗುತ್ತಾನೆ. ಚಪ್ಪಲಿ ಹೊಲಿಯುತ್ತಿದ್ದ ಈ ಇಂಗ್ಲಿಷಿನವನು ಸುವಾರ್ತೆ ಸಾರಲು ಬಂಗಾಳಕ್ಕೆ ಬಂದದ್ದು 1793ರಲ್ಲಿ. ಮರುವರ್ಷವೇ ಐದು ವರ್ಷದ ಮಗ ಪೀಟರ್ ತೀರಿಕೊಂಡ. ಹೆಂಡತಿ ಡೊರೊಥಿಯ ಮನಸ್ಸು ಕೆಟ್ಟಿತು, ಮತ್ತೆ ಸರಿಯಾಗಲೇ ಇಲ್ಲ. ಅವರ ಸೇವೆಯ ಮೊದಲ ಫಲವಾಗಿ ಕೃಷ್ಣ ಪಾಲ್ ಎಂಬ ಬಡಗಿ ದೀಕ್ಷಾಸ್ನಾನ ಪಡೆದದ್ದು 1800ರ ಡಿಸೆಂಬರಿನಲ್ಲಿ, ಏಳು ವರ್ಷ ಕಳೆದ ಮೇಲೆ. 1812ರ ಮಾರ್ಚ್ 11ರ ಸಂಜೆ ಸೆರಾಂಪುರದಲ್ಲಿದ್ದ ಅವರ ಅಚ್ಚುಕೂಟಕ್ಕೆ ಬೆಂಕಿ ಬಿತ್ತು. ಸುಟ್ಟುಹೋದ ಹಸ್ತಪ್ರತಿಗಳಲ್ಲಿ ಕೇರಿ ಸಿದ್ಧಪಡಿಸಿದ್ದ ಕನ್ನಡ ಹೊಸ ಒಡಂಬಡಿಕೆಯೂ ಇತ್ತು. ನಮ್ಮ ಭಾಷೆಯ ಸುವಾರ್ತೆ ಒಂದೇ ರಾತ್ರಿಯಲ್ಲಿ ಬೂದಿಯಾಯಿತು ಎಂದು ಮೊದಲ ಸಲ ಓದಿದಾಗ ಪುಸ್ತಕ ಮುಚ್ಚಿಟ್ಟು ಸುಮ್ಮನೆ ಕೂತಿದ್ದೆ. ಆದರೆ ಅವಶೇಷಗಳ ನಡುವೆ ಹುಡುಕಿದಾಗ ಅಕ್ಷರ ಎರಕ ಹೊಯ್ಯುವ ಉಕ್ಕಿನ ಪಡಿಯಚ್ಚುಗಳು ಹಾಳಾಗದೆ ಸಿಕ್ಕವು. ಕರಗಿ ಬಿದ್ದ ಲೋಹವನ್ನೇ ಮತ್ತೆ ಕಾಯಿಸಿ ಹೊಸ ಅಕ್ಷರ ಎರೆದರು. ಒಮ್ಮೆ ನಡೆದ ದಾರಿಯಲ್ಲಿ ಎರಡನೆಯ ಸಲ ನಡೆಯುವುದು ಸುಲಭ ಎಂಬರ್ಥದ ಮಾತನ್ನು ಕೇರಿ ಬರೆದು, ಅನುವಾದಕ್ಕೆ ಮತ್ತೆ ಕೂತ. ತನಗಿರುವ ಗುಣ ಒಂದೇ, ಹಿಡಿದದ್ದನ್ನು ಬಿಡದೆ ಹೆಜ್ಜೆಯ ಮೇಲೆ ಹೆಜ್ಜೆ ಇಡಬಲ್ಲೆ ಎಂದು ತಮ್ಮನ ಮಗನಿಗೆ ಅವನು ಹೇಳಿದ್ದುಂಟು.

ಆದರೆ ಎಲ್ಲರೂ ಕೇರಿಯಾಗಲಾರರು. ನಾನಂತೂ ಆಗಲಿಲ್ಲ. ಅಪ್ಪ ತೀರಿಕೊಂಡ ವರ್ಷ ನನಗೆ ಸತ್ಯವೇದ ತೆರೆಯಲು ಆಗುತ್ತಿರಲಿಲ್ಲ. ತೆರೆದರೆ ಅಕ್ಷರ ಕಾಣುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ಭಾನುವಾರ ಸಭೆಯಲ್ಲಿ ಎಲ್ಲರೂ ಹಾಡುವಾಗ ನನ್ನ ಬಾಯಿ ತೆರೆಯುತ್ತಿರಲಿಲ್ಲ. ಆಗ ನಮ್ಮ ಸಭೆಯ ಒಬ್ಬ ಅಮ್ಮ, ವಿಧವೆ, ಹೆಚ್ಚು ಓದಿದವರಲ್ಲ, ಪ್ರತಿ ಗುರುವಾರ ಸಂಜೆ ನಮ್ಮ ಮನೆಗೆ ಬರತೊಡಗಿದರು. ಯಾಕೆ, ಏನು ಎಂದು ಕೇಳಲಿಲ್ಲ. ಬುದ್ಧಿ ಹೇಳಲಿಲ್ಲ. ಒಂದು ಕೀರ್ತನೆ ನಿಧಾನವಾಗಿ ಬೆರಳಿಟ್ಟು ಓದುತ್ತಿದ್ದರು, ಕರ್ತನು ಕಲಿಸಿದ ಪ್ರಾರ್ಥನೆ ಹೇಳುತ್ತಿದ್ದರು, ಚಹಾ ಕುಡಿದು ಹೊರಡುತ್ತಿದ್ದರು. ನಾನು ಎಷ್ಟೋ ಸಲ "ಆಮೆನ್" ಕೂಡ ಅನ್ನಲಿಲ್ಲ. ಪಾರ್ಶ್ವವಾಯು ರೋಗಿಯನ್ನು ನಾಲ್ವರು ಹೊತ್ತುತಂದು ಮಾಳಿಗೆ ಬಿಚ್ಚಿ ಇಳಿಸಿದಾಗ ಯೇಸು "ಅವರ ನಂಬಿಕೆಯನ್ನು" ನೋಡಿದನೆಂದು ಮಾರ್ಕನು ಬರೆಯುತ್ತಾನಲ್ಲ, ಆ ವರ್ಷ ನಾನು ಮಂಚದ ಮೇಲಿದ್ದೆ. ನನ್ನ ಪಾಲಿನ ಊದುಗೊಳವೆಯನ್ನು ಬೇರೆಯವರು ಹಿಡಿದಿದ್ದರು. ಸುಮಾರು ಹನ್ನೊಂದು ತಿಂಗಳ ನಂತರ ಒಂದು ಗುರುವಾರ ಅವರು ನೂರಿಪ್ಪತ್ತೊಂದನೆಯ ಕೀರ್ತನೆ ಓದುವಾಗ ಎರಡನೆಯ ಸಾಲು ನನ್ನ ಬಾಯಿಂದಲೇ ಬಂತು. ಅವರು ತಲೆಯೆತ್ತಿ ನೋಡಿ, ಏನೂ ಹೇಳದೆ, ಮೂರನೆಯ ಸಾಲಿಗೆ ಬೆರಳು ಸರಿಸಿದರು.

ಈಗ ಆ ಅಮ್ಮನಿಗೆ ಹಾಸಿಗೆಯಿಂದ ಏಳಲು ಆಗುವುದಿಲ್ಲ, ಕಣ್ಣೂ ಮಂಜು. ಗುರುವಾರ ನಾನು ಹೋಗುತ್ತೇನೆ. ಕೀರ್ತನೆ ಓದುತ್ತೇನೆ. ಕೆಲವು ವಾರ ನನ್ನ ಮನಸ್ಸು ತುಂಬಿರುತ್ತದೆ, ಕೆಲವು ವಾರ ಬರೀ ಆಯಾಸ. ಅರ್ಧಕ್ಕೇ ಅವರಿಗೆ ನಿದ್ದೆ ಬರುವುದುಂಟು. ನಾನು ಕೊನೆಯವರೆಗೂ ಓದಿ, ಪ್ರಾರ್ಥನೆ ಮಾಡಿ, ಹೊದಿಕೆ ಸರಿಮಾಡಿ ಬರುತ್ತೇನೆ.