ಏಳಡಿಗೆ ನಿಂತ ನೀರು ಯಾರದು?

ಕೊನೆಗೂ ಗೊತ್ತಾಯಿತು! ಮನೆ ಕಟ್ಟುವ ಸೈಟಿನಲ್ಲಿ ತೆಗೆಸಿದ ಗುಂಡಿಯಲ್ಲಿ ನಿಂತು 23 ದಿನದಿಂದ ತಲೆ ತಿನ್ನುತ್ತಿದ್ದ ನೀರು ನಿನ್ನೆ ಬೆಳಗ್ಗೆ 6:40ಕ್ಕೆ ಹಸಿರು ಬಣ್ಣ ಬಳಿದುಕೊಂಡು ಬಂದು ಮುಖ ತೋರಿಸಿತು. ಖುಷಿಗೆ ಕಾಫಿ ಕುಡಿಯುವುದನ್ನೂ ಮರೆತು ಗುಂಡಿಯ ಪಕ್ಕದಲ್ಲೇ ಕೂತಿದ್ದೆ.

ಬೆಂಗಳೂರಿನ ದಕ್ಷಿಣದ ಅಂಚಿನಲ್ಲಿ 30×40 ಸೈಟು; ಕೆಳಗೆ ನನ್ನ ಮರಗೆಲಸಕ್ಕೆ ಬೇಸ್‌ಮೆಂಟು, ಮೇಲೆ ಎರಡು ಅಂತಸ್ತು. ಏಪ್ರಿಲ್‌ನಲ್ಲಿ ಮಣ್ಣು ಪರೀಕ್ಷೆಯವರು ಮೂರು ಬೋರು ಹಾಕಿ ವರದಿ ಕೊಟ್ಟರು. ನೆಲ ಎಷ್ಟು ಗಟ್ಟಿ ಅಂತ ನೋಡಲು 63.5 ಕೆಜಿ ಸುತ್ತಿಗೆಯನ್ನು 75 ಸೆಂ.ಮೀ. ಎತ್ತರದಿಂದ ಬೀಳಿಸಿ ಪೆಟ್ಟು ಎಣಿಸಿದ ಭಾಗದಲ್ಲಿ ನನಗೆ ತಕರಾರಿಲ್ಲ. 12 ಅಡಿ ಆಳದಲ್ಲಿ ಪೆಟ್ಟಿನ ಸಂಖ್ಯೆ 30 ದಾಟಿದೆ, ನೆಲ ಗಟ್ಟಿ. ಆದರೆ ನೀರಿನ ಮಟ್ಟದ ಮುಂದೆ ‘ಕಂಡುಬಂದಿಲ್ಲ’ ಅಂತ ಬರೆದುಬಿಟ್ಟಿದ್ದಾರೆ. ಕಂಡುಬರುವುದು ಹೇಗೆ? ಕಡು ಬೇಸಿಗೆಯಲ್ಲಿ ಬೆಳಗ್ಗೆ ಕೊರೆದು ಸಂಜೆಗೆ ಮುಚ್ಚಿದ್ದಾರೆ. ಜೇಡಿಮಣ್ಣಿನಲ್ಲಿ ನೀರು ತನ್ನ ಮಟ್ಟಕ್ಕೆ ಬಂದು ನಿಲ್ಲಲು ಒಂದೆರಡು ದಿನವಾದರೂ ಬೇಕು. ಏಳನೇ ಪುಟದಲ್ಲಿ ಬೇರೆ ಯಾವುದೋ ಬಡಾವಣೆಯ ಹೆಸರೂ ಉಳಿದುಕೊಂಡಿದೆ. ದುಡ್ಡು ಮಾತ್ರ ಪೂರ್ತಿ ತಗೊಂಡರು.

ಅದಕ್ಕಿಂತ ಒಳ್ಳೆ ವರದಿ ಮನೆಯ ಬೀರುವಿನಲ್ಲೇ ಇತ್ತು: ಹಳೇ ಪಹಣಿ. ಅದರಲ್ಲಿ ಈ ಸರ್ವೆ ನಂಬರು ಖುಷ್ಕಿ ಅಲ್ಲ, ‘ತರಿ’. ಅಂದರೆ ಕೆರೆ ನೀರು ಕುಡಿದು ಭತ್ತ ಬೆಳೆದ ಗದ್ದೆ. ಸರ್ವೆ ನಕ್ಷೆ ತೋರಿಸುವ ದಿಶಾಂಕ್ ಆ್ಯಪ್ ತೆಗೆದು ನೋಡಿದರೆ ಕೆರೆ ಎಲ್ಲಿತ್ತು, ಕಾಲುವೆ ಎಲ್ಲಿ ಹರಿಯುತ್ತಿತ್ತು ಅನ್ನುವುದೂ ತಿಳಿಯಿತು. ಧರ್ಮಾಂಬುಧಿ ಕೆರೆಯಂಗಳದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣ, ಸಂಪಂಗಿ ಕೆರೆಯಂಗಳದಲ್ಲಿ ಕಂಠೀರವ ಕ್ರೀಡಾಂಗಣ ಎದ್ದು ನಿಂತ ಊರು ಇದು. ಸೈಟು ನೋಡುವಾಗ ಪಹಣಿಯಲ್ಲಿ ತರಿ ಅಂತ ಕಂಡರೆ ಬೇಸ್‌ಮೆಂಟಿನ ಲೆಕ್ಕವನ್ನು ಅಲ್ಲಿಂದಲೇ ಶುರು ಮಾಡಿ.

ಜುಲೈನಲ್ಲಿ ಬಾವಿ ತೋಡುವ ಹಿರಿಯರೊಬ್ಬರನ್ನು ಕರೆಸಿ 6×4 ಅಡಿ ಅಗಲದ, 11 ಅಡಿ ಆಳದ ಗುಂಡಿ ತೆಗೆಸಿದೆ. ಬದಿಗೆ ಹಲಗೆ ಕೊಟ್ಟು ಅಗೆದರು. ಮೇಲಿನ ಮೂರಡಿ ಬರೀ ತುಂಬಿಸಿದ ಮಣ್ಣು: ಇಟ್ಟಿಗೆ ಚೂರು, ಸಿಮೆಂಟ್ ಚೀಲ, ಮುದ್ದೆಯಾದ ಪ್ಲಾಸ್ಟಿಕ್. ಅದರ ತಳದಲ್ಲಿ ಸಿಕ್ಕ ಬಿಸ್ಕತ್ ಪೊಟ್ಟಣವನ್ನು ತೊಳೆದು ನೋಡಿದೆ. ತಯಾರಾದ ದಿನಾಂಕ 2007. ಗದ್ದೆ ಮುಚ್ಚಿದ್ದು ಯಾವಾಗ ಅಂತ ಯಾರನ್ನೂ ಕೇಳುವ ಅಗತ್ಯವೇ ಬೀಳಲಿಲ್ಲ. ಅದರ ಕೆಳಗೆ ಎರಡೂವರೆ ಅಡಿ ಕಪ್ಪು ಗೋಡು, ಅಂದರೆ ಹೂಳು ಮಣ್ಣು. ಹಿಡಿ ತಗೊಂಡು ಹಿಸುಕಿದರೆ ಬೆಣ್ಣೆಯ ಹಾಗೆ ಬೆರಳ ಸಂದಿಯಿಂದ ಜಾರುತ್ತದೆ, ಕೊಳೆತ ಮೊಟ್ಟೆಯ ವಾಸನೆ. ಆಮೇಲೆ ಬೂದು ಜೇಡಿ. ಒಂಬತ್ತಡಿಯಿಂದ ಕೆಂಪು ಹಳದಿ ಮಚ್ಚೆಯ ಶಿಥಿಲ ಕಲ್ಲು, ಅಗೆದರೆ ಸಕ್ಕರೆಯಂತೆ ಉದುರುವಂಥದ್ದು.

ಮಾರನೇ ದಿನ ನೋಡಿದರೆ ನೆಲದಿಂದ ಏಳಡಿ ಕೆಳಗೆ ನೀರು ನಿಂತಿದೆ.

ಹಿರಿಯರು ಒಂದು ಚೊಂಬು ಎತ್ತಿ ಮೂಸಿ, “ಮೇಲಿನ ನೀರೇ ಬೇರೆ, ಕೆಳಗಿನ ನೀರೇ ಬೇರೆ ತಾಯಿ” ಅಂದರು. ಗುಂಡಿಯಲ್ಲಿರುವುದು ಒಂದೇ ನೀರು, ಎರಡು ಹೇಗಾಗುತ್ತದೆ ಅಂದುಕೊಂಡು ನಾನು ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಹುಡುಕಲು ಹೋದೆ.

ಅಲ್ಲಿಂದ ಶುರುವಾಯಿತು ನೋಡಿ ಗೋಳು. ಅನುಮಾನ ಮೂರು: ಕಾವೇರಿ ಪೈಪು ಸೋರುತ್ತಿದೆ, ಒಳಚರಂಡಿ ಸೋರುತ್ತಿದೆ, ಇಲ್ಲವೇ ನಿಜವಾದ ಅಂತರ್ಜಲ. ಪೈಪಾದರೆ ದೂರು ಕೊಟ್ಟು ಸರಿಪಡಿಸಬಹುದು. ಅಂತರ್ಜಲವಾದರೆ ಮನೆಯ ವಿನ್ಯಾಸವೇ ಬದಲಾಗಬೇಕು. ನಲ್ಲಿಯ ಕಾವೇರಿ ನೀರಿನ ಟಿಡಿಎಸ್ 190, ಎದುರು ಮನೆ ಬೋರ್‌ವೆಲ್ 1,040. ಗುಂಡಿಯದು 620! ಎರಡರ ನಡುವೆ. ಕ್ಲೋರಿನ್ ಪತ್ತೆ ಮಾಡುವ ಹನಿ ಹಾಕಿದೆ, ಹಳದಿ ಬರಲಿಲ್ಲ. ಆದರೆ ಅಷ್ಟರಿಂದ ಕಾವೇರಿ ಅಲ್ಲ ಅನ್ನುವಂತಿಲ್ಲ, ಗೋಡಿನಂಥ ಮಣ್ಣು ತಾಗಿದರೆ ಕ್ಲೋರಿನ್ ಉಳಿಯುವುದಿಲ್ಲ. ಮೀನು ಸಾಕುವ ಗೆಳೆಯನ ಅಕ್ವೇರಿಯಂ ಕಿಟ್‌ನಲ್ಲಿ ಅಮೋನಿಯಾ ನೋಡಿದೆ, ಕಡು ಹಸಿರು. ಚರಂಡಿಯೇ ಅಂತ ಹಾರಾಡಿದೆ. ರಾತ್ರಿ ಮಲಗಿದ ಮೇಲೆ ಹೊಳೆಯಿತು, ಗಾಳಿಯಿಲ್ಲದೆ ಕೊಳೆಯುವ ಗೋಡೂ ಅಮೋನಿಯಾ ಬಿಡುತ್ತದೆ. ಮಲದ ಸೋಂಕು ಪತ್ತೆ ಮಾಡುವ ಹೈಡ್ರೋಜನ್ ಸಲ್ಫೈಡ್ ಸೀಸೆಯೂ ಕಪ್ಪಾಯಿತು. ಗೋಡಿನ ಕೊಳೆತ ಮೊಟ್ಟೆಯ ವಾಸನೆಯೂ ಅದೇ ಅನಿಲದ್ದು, ಹಾಗಾಗಿ ಅದೂ ಸಾಕ್ಷಿಯಲ್ಲ. ಪ್ರತಿ ಪರೀಕ್ಷೆಗೂ ಎರಡೆರಡು ಉತ್ತರ. ಗೋಡು ಎಲ್ಲರ ಪರವಾಗಿಯೂ ಸುಳ್ಳು ಹೇಳುತ್ತಿತ್ತು.

ಕೊನೆಗೆ ಕಿಟ್‌ಗಳನ್ನೆಲ್ಲ ಬದಿಗಿಟ್ಟು ಒಂದು ಬಿದಿರ ಕೋಲಿಗೆ ಟೇಪು ಸುತ್ತಿ ಅಡಿ, ಇಂಚು ಗುರುತು ಮಾಡಿದೆ. ನೀರನ್ನೆಲ್ಲ ಪಂಪಿನಿಂದ ಎತ್ತಿಸಿ, ಗಂಟೆಗೊಮ್ಮೆ ಮಟ್ಟ ಬರೆದೆ. ಒಳಗೆ ಯಾರೂ ಇಳಿಯಲಿಲ್ಲ, ದಯವಿಟ್ಟು ನೀವೂ ಇಳಿಯಬೇಡಿ, ಯಾರನ್ನೂ ಇಳಿಸಬೇಡಿ. ಆ ವಾಸನೆ ಇರುವ ಗುಂಡಿಯ ಗಾಳಿ ಜೀವ ತೆಗೆಯುತ್ತದೆ. ಟಾರ್ಚು, ಕೋಲು, ಮೇಲೆ ನಿಂತ ನಾನು, ಅಷ್ಟೇ. ನಾಲ್ಕು ದಿನದ ಲೆಕ್ಕ ಹಾಳೆಯ ಮೇಲೆ ಇಳಿದ ಮೇಲೆ ಕಣ್ಣಿಗೆ ಹೊಡೆಯಿತು: ನೀರು ದಿನವಿಡೀ ಒಂದೇ ಸಮ ಏರುತ್ತಿಲ್ಲ. ಬೆಳಗ್ಗೆ 6ರಿಂದ 9 ಜೋರು, ಮಧ್ಯಾಹ್ನ ನಿಧಾನ, ರಾತ್ರಿ 8ರ ಮೇಲೆ ಮತ್ತೆ ಸ್ವಲ್ಪ. ನಮ್ಮ ಬೀದಿಗೆ ಕಾವೇರಿ ಬರುವುದು ದಿನ ಬಿಟ್ಟು ದಿನ. ಈ ಏರಿಕೆ ಪ್ರತಿದಿನ. ಅಂತರ್ಜಲಕ್ಕೆ ಸ್ನಾನದ ಹೊತ್ತು ಯಾಕೆ ಗೊತ್ತಿರಬೇಕು? ಟಾರ್ಚು ಬಿಟ್ಟು ಹಲಗೆಗಳ ಸಂದಿ ನೋಡಿದೆ. ಪೂರ್ವದ ಗೋಡೆಯಲ್ಲಿ, ತುಂಬಿಸಿದ ಮಣ್ಣು ಮತ್ತು ಗೋಡು ಸೇರುವ ಗೆರೆಯಿಂದ ಹೆಬ್ಬೆರಳ ದಪ್ಪ ನೀರು, ತೆಳು ಮಜ್ಜಿಗೆಯ ಬಣ್ಣ.

ಪೂರ್ವಕ್ಕೆ ಇರುವುದು ಪಕ್ಕದ ಮನೆ ಅಜ್ಜಿಯ ಒಳಚರಂಡಿ ಚೇಂಬರು. ಅಲ್ಲಿ ಹಾಕಿದ ಬಣ್ಣ ಗುಂಡಿಯಲ್ಲಿ ಕಂಡರೆ ಸೋರಿಕೆ ಖಚಿತ. “ಅಜ್ಜಿ, ನಿಮ್ಮ ಚೇಂಬರಿಗೆ ಬಣ್ಣ ಹಾಕಬಹುದಾ?” ಅಂದಾಗ ಅವರು ಒಂದು ಕ್ಷಣ ನನ್ನನ್ನೇ ನೋಡಿ, “ಹಾಕಮ್ಮ, ಅದೊಂದಕ್ಕೆ ಸುಣ್ಣಬಣ್ಣ ಬಾಕಿ ಇತ್ತು” ಅಂದರು. ಮೊದಲು ಪೊಟ್ಯಾಸಿಯಂ ಪರ್ಮಾಂಗನೇಟ್ ಹಾಕಿದೆ. ಕೊಳೆ ತಾಗಿದ್ದೇ ನೇರಳೆ ಬಣ್ಣ ಕಂದಾಗಿ ಮಾಯ. ನೀರಿನ ಜಾಡು ಹಿಡಿಯಲು ಬಳಸುವ ಫ್ಲೋರೆಸಿನ್ ಬಣ್ಣ ತರಿಸಿದರೆ ಮಾರಾಟಗಾರ ಕಳಿಸಿದ್ದು ಹೋಳಿ ಬಣ್ಣದಂಥ ಯಾವುದೋ ಪುಡಿ. ವಾಪಸ್ ಮಾಡಲು ಎಂಟು ದಿನ, ಮೂರು ಫೋನು. ಕೊನೆಗೆ ಅಸಲಿ ಪುಡಿ ಬಂತು, ಒಂದು ಚಮಚ ಬಕೆಟ್ ನೀರಿಗೆ ಕಲಸಿ ಸುರಿದೆ. 38 ಗಂಟೆಯ ನಂತರ, ಆ ಹೆಬ್ಬೆರಳ ಧಾರೆ ಎಳೆ ಬಾಳೆಎಲೆಯ ಹಸಿರು!

ಈಗ ಟಿಡಿಎಸ್ 620ರ ಗುಟ್ಟೂ ಬಯಲಾಯಿತು. ಚರಂಡಿ ನೀರು ಅಂದರೆ ಉಪ್ಪು, ಸೋಪು ಸೇರಿದ ಕಾವೇರಿಯೇ. ಅದು ಮೇಲಿಂದ ಬಂದು ಕೆಳಗಿನ ಗಡಸು ನೀರಿಗೆ ಬೆರೆತಿತ್ತು. ಹಿರಿಯರು ಮೊದಲ ದಿನವೇ ಮೂಗಿನಲ್ಲಿ ಹೇಳಿದ್ದನ್ನು ನಾನು 23 ದಿನ ಹುಡುಕಿದೆ. ಅವರಿಗೆ ಫೋನ್ ಮಾಡಿ ಹೇಳಿದೆ, “ಸರಿ ಬಿಡಿ ತಾಯಿ, ಈಗ ಸೋರೋದು ಕಟ್ಟಿಸಿ” ಅಂದರು. ನಿನ್ನೆ ಮಧ್ಯಾಹ್ನವೇ ಅಜ್ಜಿಯ ಮನೆಯ ಬಳಕೆ ನಿಲ್ಲಿಸಿ, ಚೇಂಬರಿನ ಪಕ್ಕ ಹೊರಗಿನಿಂದ ಅಗೆಸಿ, ಬಿರುಕು ಬಿಟ್ಟ ಪೈಪಿನ ಕೀಲು ಬದಲಿಸಿದ್ದಾಯಿತು. ಖರ್ಚು ನನ್ನದು, ಅಜ್ಜಿಯದು ಚಿತ್ರಾನ್ನ.

ಗುಂಡಿಯ ನೀರಿನ ಪ್ರಯೋಗಾಲಯದ ಫಲಿತಾಂಶವೂ ಬಂದಿದೆ: ಪಿಎಚ್ 6.8, ಸಲ್ಫೇಟ್ ಲೀಟರಿಗೆ 180 ಮಿ.ಗ್ರಾಂ. ಕಾಂಕ್ರೀಟಿನ ಭಾರತೀಯ ಮಾನದಂಡ ಐಎಸ್ 456ರ ಪ್ರಕಾರ 300ರ ಒಳಗಿದ್ದರೆ ಸಲ್ಫೇಟ್ ಅಪಾಯ ಅತಿ ಕಡಿಮೆ ಇರುವ ಮೊದಲ ದರ್ಜೆ, ವಿಶೇಷ ಸಿಮೆಂಟು ಬೇಡ. ಆದರೆ ಆ ಗೋಡನ್ನು ಮತ್ತೆ ಗೋಡೆಯ ಹಿಂದೆ ತುಂಬಿಸುವುದಿಲ್ಲ. ಗಾಳಿ ತಾಗಿದರೆ ಅದರ ಸಲ್ಫೈಡು ಸಲ್ಫೇಟಾಗುತ್ತದೆ, ಇಂದಿನ 180 ನಾಳೆಯ ಸಂಖ್ಯೆಯಲ್ಲ. ಚರಂಡಿ ನೀರು ಕುಡಿದ ಗೋಡು ತೋಟಕ್ಕೂ ಬೇಡ. ಸೀಸ, ಕ್ರೋಮಿಯಂ ಪರೀಕ್ಷೆಗೆ ಬೇರೆ ಮಾದರಿ ಕಳಿಸಿದ್ದೇನೆ.

ಮಳೆ ಜೋರಾದರೆ ನೀರು ಗೋಡಿನ ಮೇಲ್ಮೈ ತನಕ, ಮೂರಡಿಗೆ, ಬರಬಹುದು ಅಂತಲೇ ಹಿಡಿದಿದ್ದೇನೆ. ಬುನಾದಿಯ ತಳ ಎಂಟಡಿಗಾದರೆ ಐದಡಿ ನೀರಿನ ಒತ್ತಡ, ಚದರ ಮೀಟರಿಗೆ ಒಂದೂವರೆ ಟನ್, ಮೇಲಕ್ಕೆ ತಳ್ಳುವಂಥದ್ದು. ಅದನ್ನು ಭಾರದಿಂದಲೇ ಹಿಡಿಯಲು 60 ಸೆಂ.ಮೀ. ಕಾಂಕ್ರೀಟು ಬೇಕು. ಮನೆ ಎದ್ದ ಮೇಲೆ ಚಿಂತೆಯಿಲ್ಲ. ಮೇಲಿನ ಸ್ಲ್ಯಾಬುಗಳನ್ನು ಹಾಕುವ ಮೊದಲೇ ಪಂಪು ನಿಲ್ಲಿಸಿದರೆ ಬೇಸ್‌ಮೆಂಟು ತೆಪ್ಪದಂತೆ ಎದ್ದೀತು. ಹತ್ತಡಿ ಆಳದ ಬೇಸ್‌ಮೆಂಟಿನ ಆಸೆ ಬಿಟ್ಟು ಆರೂವರೆ ಅಡಿ ಕೆಳಗೆ, ಉಳಿದದ್ದು ನೆಲದ ಮೇಲೆ. ಕಿಟಕಿಯೂ ಸಿಗುತ್ತದೆ, ಮರದ ಧೂಳಿಗೆ ಗಾಳಿಯೂ.

ಇದರ ನಡುವೆ ಇನ್ನೊಂದು ಹುಚ್ಚು ಹತ್ತಿದೆ: ಇಂಗುಬಾವಿ. ಈ ಸೈಟಿನ ಮೇಲೆ ವರ್ಷಕ್ಕೆ ಬೀಳುವ ಮಳೆ ಸುಮಾರು 1 ಲಕ್ಷ ಲೀಟರು. ಬೇಸ್‌ಮೆಂಟ್ ಗೋಡೆಯ ಪಕ್ಕ ಇಂಗಿಸಿದರೆ ನಮಗೇ ಶತ್ರು. ಎದುರಿನ ಮೂಲೆಯಲ್ಲಿ, ಜೇಡಿ ದಾಟಿ 20 ಅಡಿಗೆ, ಶಿಥಿಲ ಕಲ್ಲಿಗೆ ಇಳಿಸಿದರೆ? ರಿಂಗುಗಳ ಬೆಲೆ ಕೇಳಿದ್ದೇನೆ, ಹಿರಿಯರ ಜತೆ ಮಾತಾಡಿ ಬರೆಯುತ್ತೇನೆ.

ಇವತ್ತು ಬೆಳಗ್ಗೆ ಕೋಲಿನಲ್ಲಿ ನೀರು ನೆಲದಿಂದ ಒಂಬತ್ತೂವರೆ ಅಡಿ ಕೆಳಗೆ, ಟಿಡಿಎಸ್ 880. ಸ್ನಾನದ ಹೊತ್ತಿನಲ್ಲಿ ಒಂದಿಂಚೂ ಏರಲಿಲ್ಲ. ಚಿತ್ತೆ ಮಳೆ ಮುಗಿಯುವ ತನಕ ಕೋಲು ಅಲ್ಲೇ ಇರುತ್ತದೆ.