ಕಂಬ ಹತ್ತುವ ಮುನ್ನ ಓದಬೇಕಾದ ಫಾರಂ

ಮಳೆಗಾಲದ ಬೆಳಗ್ಗೆ 11 ಕೆವಿ ಫೀಡರ್‌ನಲ್ಲಿ (ಸಬ್‌ಸ್ಟೇಷನ್‌ನಿಂದ ಊರಿಗೆ ಕರೆಂಟು ತರುವ ಲೈನು) ಒಂದು ಪಿನ್ ಇನ್ಸುಲೇಟರ್ (ಕಂಬಕ್ಕೆ ಕರೆಂಟು ತಾಗದಂತೆ ತಂತಿ ಹೊರುವ ಬಿಲ್ಲೆ) ಪಂಕ್ಚರ್ ಆಗಿದೆ, ಅಂದರೆ ತೂತಾಗಿ ಕೆಟ್ಟಿದೆ ಅಂದುಕೊಳ್ಳಿ. ಬದಲಾಯಿಸುವುದು ಚಿಕ್ಕ ಕೆಲಸ. ಹೊತ್ತು ಬೇಕಾಗುವುದು ಅದರ ಮುಂಚಿನ ತಯಾರಿಗೆ. ಊರಿನವರ ಫೋನು ಹೆಚ್ಚಿದಷ್ಟೂ ಕತ್ತರಿ ಬೀಳುವುದೂ ಅದಕ್ಕೇ.

ಎಲ್‌ಸಿ (ಲೈನ್ ಕ್ಲಿಯರ್, ಲೈನು ಬಂದ್ ಮಾಡಿ ಕೆಲಸಕ್ಕೆ ಕೊಡುವ ಅನುಮತಿ) ತೆಗೆದುಕೊಳ್ಳುವಾಗ ಫೀಡರ್ ಹೆಸರನ್ನು ಸಬ್‌ಸ್ಟೇಷನ್ ಆಪರೇಟರ್ ಬಾಯಿಂದಲೇ ಇನ್ನೊಮ್ಮೆ ಹೇಳಿಸಬೇಕು. ಒಂದೇ ಕಂಬದಲ್ಲಿ ಎರಡು ಫೀಡರ್ ಇದ್ದರೆ ಒಂದು ಬಂದ್ ಆದರೂ ಇನ್ನೊಂದು ಚಾಲೂ ಇರುತ್ತದೆ. ಜಿಓಎಸ್ (ಮೂರೂ ತಂತಿಯನ್ನು ಒಟ್ಟಿಗೆ ಬಿಡಿಸುವ ಕಂಬದ ಸ್ವಿಚ್) ತೆಗೆದ ಮೇಲೆ ಕತ್ತೆತ್ತಿ ಮೂರೂ ಬ್ಲೇಡ್ ನೋಡಿ. ಹ್ಯಾಂಡಲ್ ಪೂರ್ತಿ ಕೆಳಗೆ ಬಂದಿದ್ದರೂ ತುಕ್ಕು ಹಿಡಿದ ಒಂದು ಬ್ಲೇಡ್ ಕಚ್ಚಿಕೊಂಡೇ ಇರುವುದುಂಟು. ಹ್ಯಾಂಡಲ್‌ಗೆ ಬೀಗ ಹಾಕಿ, ಕೀಲಿಯನ್ನು ಕಂಬ ಹತ್ತುವವನೇ ಜೇಬಿಗೆ ಹಾಕಿಕೊಳ್ಳಲಿ.

ಇನ್ನು ಡಿಸ್‌ಚಾರ್ಜ್ ರಾಡ್, ಅಂದರೆ ಲೈನಿನ ಚಾರ್ಜನ್ನು ಕೇಬಲ್ ಮೂಲಕ ನೆಲಕ್ಕಿಳಿಸುವ ಕೊಕ್ಕೆಯ ಕೋಲು. ಮೊದಲು ಅರ್ಥ್ ಕಡೆಯ ಕ್ಲಾಂಪ್, ಆಮೇಲೆ ತಂತಿಗೆ ಕೊಕ್ಕೆ. ಬಿಚ್ಚುವಾಗ ತಂತಿಯದು ಮೊದಲು. ಹಿಂದುಮುಂದಾದರೆ ಲೈನಿನಲ್ಲಿ ಉಳಿದ ಚಾರ್ಜು ಕೇಬಲ್ ಹಿಡಿದವನ ಮೈಮೂಲಕವೇ ನೆಲಕ್ಕಿಳಿಯುತ್ತದೆ. ಕೆಲಸದ ಜಾಗದ ಎರಡೂ ಬದಿಗೆ ಅರ್ಥ್ ಮಾಡಬೇಕು, ಏಕೆಂದರೆ ಕರೆಂಟು ಸಬ್‌ಸ್ಟೇಷನ್ ಕಡೆಯಿಂದಲೇ ಬರಬೇಕೆಂದಿಲ್ಲ. ಕಲ್ಯಾಣ ಮಂಟಪದ ಜನರೇಟರನ್ನು ಚೇಂಜ್‌ಓವರ್ ಸ್ವಿಚ್ (ಜನರೇಟರ್ ಓಡುವಾಗ ಲೈನನ್ನು ಬೇರ್ಪಡಿಸುವ ಸ್ವಿಚ್) ಇಲ್ಲದೆ ಜೋಡಿಸಿದ್ದರೆ, ಅದೇ ಟಿ.ಸಿ. (ಟ್ರಾನ್ಸ್‌ಫಾರ್ಮರ್) ಕೆಳಗಿನ ವೋಲ್ಟೇಜನ್ನು 11,000ದ ಹತ್ತಿರಕ್ಕೆ ಏರಿಸಿ ಲೈನಿಗೆ ತಳ್ಳುತ್ತದೆ.

ಇಷ್ಟಾದರೂ ಅಪಘಾತವಾಯಿತೆಂದರೆ ಗಡಿಯಾರ ಶುರು. 2005ರ ಅಪಘಾತ ಸೂಚನಾ ನಿಯಮದಂತೆ, ಸಾವಾಗಿದ್ದರೆ ಗೊತ್ತಾದ 24 ಗಂಟೆಯೊಳಗೆ ವಿದ್ಯುತ್ ಪರಿವೀಕ್ಷಕರಿಗೆ ವರದಿ ಹೋಗಬೇಕು. ಯಾವ ಅಪಘಾತವೇ ಆಗಲಿ, 48 ಗಂಟೆಯೊಳಗೆ ನಿಗದಿತ ಫಾರಂನಲ್ಲಿ ಲಿಖಿತ ವರದಿ. ಕಳಿಸುವವರು ಜೂನಿಯರ್ ಎಂಜಿನಿಯರ್ ದರ್ಜೆಗಿಂತ ಕೆಳಗಿರಬಾರದು. 2003ರ ವಿದ್ಯುತ್ ಕಾಯ್ದೆಯ 161ನೇ ಸೆಕ್ಷನ್ ಜೀವಹಾನಿಯೋ ಗಾಯವೋ ಆಗುವ ಸಂಭವವಿದ್ದ ಅಪಘಾತವನ್ನೂ ಸೇರಿಸಿದೆ. ‘ಏನೂ ಆಗಿಲ್ಲವಲ್ಲ, ಬಿಡಿ ಸಾರ್’ ಎಂದು ಮುಚ್ಚಿಹಾಕುವುದು ಇಂಥವನ್ನೇ.

ಆ ಫಾರಂ ಒಮ್ಮೆ ಓದಿ ನೋಡಿ. ಕೆಲಸದ ಸ್ಥಳದಲ್ಲಿ ಅರ್ಥಿಂಗ್ ಮಾಡಿತ್ತೇ? ಸ್ವಿಚ್ ತೆಗೆದು ಆ ಭಾಗ ಬೇರ್ಪಡಿಸಿತ್ತೇ? ಗ್ಲೌಸ್, ಸೇಫ್ಟಿ ಬೆಲ್ಟ್ ಏನು ಕೊಟ್ಟಿದ್ದಿರಿ, ಅಪಘಾತಕ್ಕೊಳಗಾದವನು ಏನು ಬಳಸಿದ? ಕೃತಕ ಉಸಿರಾಟ ಎಷ್ಟು ಹೊತ್ತು ಕೊಟ್ಟಿರಿ? ಪೊಲೀಸರಿಗೆ ತಿಳಿಸಿದಿರಾ, ಸಾಕ್ಷ್ಯ ಉಳಿಸಲು ಏನು ಮಾಡಿದಿರಿ? ಕಂಬದ ಬುಡದಲ್ಲಿ ನಿಂತು ಗ್ಯಾಂಗಿಗೆ ಕೇಳಬೇಕಾದ ಪ್ರಶ್ನೆಗಳಲ್ಲಿ ಅರ್ಧ ಇಲ್ಲೇ ಇವೆ. ನಮ್ಮ ಕಡೆ ಈ ಹಾಳೆ ಫೈಲಿನಿಂದ ಹೊರಬರುವುದು ಮಾತ್ರ ಆಂಬ್ಯುಲೆನ್ಸ್ ಹೋದ ಮೇಲೆ.

ಬಿದ್ದವನು ಗುತ್ತಿಗೆದಾರನ ಆಳು, ಕಂಪನಿ ನೌಕರನಲ್ಲ ಎಂಬ ನೆಪವೂ ನಡೆಯುವುದಿಲ್ಲ. ಅಂಥವನಿಗೆ ವಿದ್ಯುತ್ ಕೆಲಸಗಾರನ ಪರ್ಮಿಟ್ ಇತ್ತೇ ಎಂದು ಕೇಳುವ ಕಲಂ ಅದರಲ್ಲಿ ಬೇರೆಯಾಗಿಯೇ ಇದೆ.