ಹೊಸಬರ ಮೊದಲ ವಾರ

ಬಾಗಲಕೋಟೆಯ ನವನಗರದಲ್ಲಿರುವ ನಮ್ಮ ಸಣ್ಣ ಸೇವಾಸಂಸ್ಥೆಗೆ ಈ ತಿಂಗಳು ಮೂವರು ಹೊಸ ಕಾರ್ಯಕರ್ತರು ಸೇರಿದ್ದಾರೆ. ಮೊದಲ ದಿನವೇ ಅವರ ಕೈಗೆ ಅರ್ಜಿ ನಮೂನೆಗಳನ್ನು ಕೊಡುವುದು ನನಗೆ ಸರಿಕಾಣಲಿಲ್ಲ. ಆಲಮಟ್ಟಿ ಜಲಾಶಯದ ಹಿನ್ನೀರಿನಿಂದಾಗಿ ಹುಟ್ಟಿದ ಮನೆ ಬಿಟ್ಟು ಬಂದವರ, 2019ರ ಆಗಸ್ಟ್‌ನಲ್ಲಿ ಮಲಪ್ರಭೆ, ಘಟಪ್ರಭೆಗಳ ಪ್ರವಾಹಕ್ಕೆ ಸಿಲುಕಿದವರ ಅಂಗಳದಲ್ಲಿ ಕುಳಿತು ಅವರ ಮಾತು ಕೇಳಿಸಿಕೊಳ್ಳುವುದೇ ಇಲ್ಲಿನ ಮೊದಲ ಪಾಠವೆಂದು ನಾನು ನಂಬಿದ್ದೇನೆ.

ಹೊಸಬರಲ್ಲೊಬ್ಬ ಯುವತಿ, 65 ವರ್ಷ ದಾಟಿದ ಅಜ್ಜಿಯೊಬ್ಬರಿಗೆ ಸಂಧ್ಯಾ ಸುರಕ್ಷಾ ಪಿಂಚಣಿ ಏಕೆ ಬರುತ್ತಿಲ್ಲವೆಂದು ವಿಚಾರಿಸಲು ಹೋಗಿ, ಆಧಾರ್‌ ಕಾರ್ಡಿನಲ್ಲಿ ಒಂದು, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಇನ್ನೊಂದು ಹೆಸರಿರುವುದನ್ನೂ, ಬೆರಳಿನ ಗೆರೆಗಳು ಸವೆದು ಪಡಿತರ ಅಂಗಡಿಯ ಯಂತ್ರ ಅವರ ಗುರುತನ್ನೇ ಒಪ್ಪದಿರುವುದನ್ನೂ ತಾನಾಗಿಯೇ ಪತ್ತೆಹಚ್ಚಿದಳು. (ಅಜ್ಜಿ ಎರಡು ತಾಸು ಹೇಳಿದ್ದು ಮಾತ್ರ ತಮ್ಮ ಎಮ್ಮೆಯ ಕಥೆಯನ್ನು.) ಇಂಥ ತಾಳ್ಮೆ ಪದವಿಪತ್ರದಲ್ಲಿ ಕಾಣಸಿಗುವುದಿಲ್ಲ.

ಮತ್ತೊಬ್ಬ ತರುಣ ಲೆಕ್ಕಪತ್ರದಲ್ಲಿ ನಿಪುಣನಾದರೂ, ಎದುರಿಗೆ ಕುಳಿತವರನ್ನು ‘ಫಲಾನುಭವಿ’ ಎಂದು ಕರೆಯುವ ಅಭ್ಯಾಸ ಆತನಿಗಿದೆ; ‘ಯವ್ವಾ’, ‘ಯಜ್ಜಾ’ ಎಂದು ಮಾತಾಡಿಸುವಂತೆ ತಿಳಿಸಿದ್ದೇನೆ. ಮೂರನೆಯವರು ಸೋಮವಾರದಿಂದ ಇಳಕಲ್ಲಿನ ನೇಕಾರ ಕುಟುಂಬಗಳ ಭೇಟಿಗೆ ಹೊರಡಲಿದ್ದಾರೆ.